ಮೂರು ಎಲೆಅಡಿಕೆಯಷ್ಟು ಹೊತ್ತು

ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದೇ ಇದ್ದ ಒಂದಾನೊಂದು ಕಾಲದಲ್ಲಿ, ಒಂದು ದೊಡ್ಡ ಹೊಳೆ, ಹೊಳೆ ದಂಡೇಲಿ ಒಂದೂರು, ಆ ಊರಿಗೊಬ್ಬ ರಾಜ ಇದ್ದನಂತೆ. ಕಾಲು ಆಡಿಸಬೇಡ ಪುಟ್ಟಿ, ಕಂಬಳಿ ಜಾರ್ತದೆ. ಆ ಊರಲ್ಲಿ ಮೋನಪ್ಪಾಚಾರಿ ಅಂತ ಒಬ್ಬನಿದ್ದ. ಹಿತ್ತಾಳೆ ಹಲಗೆ ಮೇಲೆ ಉಳೀಲಿ ಅಕ್ಷರ ಕೊರೆದು, ಕೊರೆದಿದ್ದರೊಳಗೆ ಬಣ್ಣ ತುಂಬೋ ಕೆಲಸ ಅವನದು. ತಾಯಿಯಿಲ್ಲದ ಒಬ್ಬಳೇ ಮಗಳು, ಕಾಳಮ್ಮ. ಉಳಿ ಹಿಡಿಯೋದು ಕಲಿತಿದ್ಲು, ಬಣ್ಣದ ತಂಟೆಗೆ ಮಾತ್ರ ಅಪ್ಪ ಬಿಟ್ಟಿರಲಿಲ್ಲವಂತೆ.

ಒಂದು ಸಲ ರಾಜ, ಹೊಳೆ ದಂಡೇಲಿ ಒಂದು ಹಲಗೆ ನಿಲ್ಲಿಸಿ, ಅದರಲ್ಲಿ ಒಂದು ಗೆರೆ ಕೊರೆದು, ನೀರು ಈ ಗೆರೆ ಮುಟ್ಟಿದರೆ ದೋಣಿ ಬಿಡಬಾರದು ಅಂತ ಬರೀಬೇಕು ಅಂದನಂತೆ. ಮೋನಪ್ಪ ಕೊರೆದ, ಕೆಂಪು ಬಣ್ಣ ತುಂಬಿದ, ಹಲಗೆ ನಿಲ್ಲಿಸಿದ್ರು. ಆಮೇಲೆ ಮೊದಲನೇ ಮಳೆಗೇ ಬಣ್ಣವೆಲ್ಲ ತೊಳಕೊಂಡು ಹೋಯ್ತಂತೆ. ಹಿತ್ತಾಳೆ ಮೇಲೆ ಹಿತ್ತಾಳೆ ಗೆರೆ, ಮೋಡ ಕವಿದಾಗ ಯಾರಿಗೆ ಕಾಣಬೇಕು? ಅಂಬಿಗ ದೋಣಿ ಬಿಟ್ಟ, ನಡುಹೊಳೇಲಿ ದೋಣಿ ಮಗುಚಿತು, ಅದರಲ್ಲಿದ್ದ ಹನ್ನೊಂದು ಜನಾನೂ ತೇಲಿಬಂದ ಮರ ಹಿಡಕೊಂಡು ಹೆಂಗೋ ಜೀವ ಉಳಿಸಿಕೊಂಡ್ರಂತೆ. ಅವರಲ್ಲಿ ರಾಜನ ತಂಗಿನೂ ಇದ್ದಳು. ರಾಜ ಕೆಂಡವಾಗಿ, ಆ ಆಚಾರಿಯ ಬಲಗೈ ಹೆಬ್ಬೆರಳು ಕತ್ತರಿಸಿ ಅಂದುಬಿಟ್ಟನಂತೆ. ಹೆಬ್ಬೆರಳು ಹೋದರೆ ಉಳಿ ಹಿಡಿಯೋದು ಹೆಂಗೆ, ಹೇಳು?

ಕಾಳಮ್ಮ ಓಡಿಹೋಗಿ ಅಡ್ಡಬಿದ್ದು, ಬುದ್ಧಿ, ಮೂರು ದಿನ ಕೊಡಿ, ಅದೇ ಹಲಗೆಗೆ ನಾನು ಬಣ್ಣ ತುಂಬ್ತೀನಿ, ಮೂರು ಕೊಡ ನೀರು ಸುರಿಸಿ ನೋಡಿ, ಬಣ್ಣ ನಿಂತ್ರೆ ನಮ್ಮಪ್ಪನ ಬೆರಳು ಉಳೀಲಿ ಅಂದಳಂತೆ. ನಿಲ್ಲದಿದ್ರೆ? ಅಂತ ಪಕ್ಕದಲ್ಲಿದ್ದ ದಳವಾಯಿ ಮೀಸೆ ತಿರುವಿದ. ನಿಲ್ಲದಿದ್ರೆ ನನ್ನ ಬೆರಳೂ ತಗೊಳ್ಳಿ ಅಂದ್ಲು. ಅನ್ನೋದೇನೋ ಅಂದ್ಲು, ಹೊರಗೆ ಬಂದ ಮೇಲೆ ಮೆಟ್ಟಲ ಮೇಲೇ ಕೂತು ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ್ಲಂತೆ.

ಮೊದಲನೇ ದಿನ ಹಲಗೆಗೆ ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ, ರಾಳ ಕಾಯಿಸಿ ಸಿಂಧೂರ ಕಲಸಿ ಅಕ್ಷರದ ಮೇಲೆಲ್ಲ ಬಳಿದ್ಲು. ಹಾಗೇ ಬಳೀಬೇಕು, ಆಮೇಲೆ ಒರೆಸಿದಾಗ ಮೇಲಿನದೆಲ್ಲ ಹೋಗಿ ಒಳಗಿನದು ಮಾತ್ರ ಉಳೀಬೇಕು. ಅವಳು ಗಾಬರೀಲಿ ಬೇಗ ಒರೆಸಿದ್ಲು, ಬಟ್ಟೆ ಜೊತೆ ಒಳಗಿನ ಬಣ್ಣನೂ ಎದ್ದು ಬಂತಂತೆ. ಎರಡನೇ ದಿನ ಬೆಳಗ್ಗೆ ಬಳಿದು ಸಂಜೆವರೆಗೂ ಬಿಟ್ಲು. ಬಣ್ಣ ಕಲ್ಲಾಗಿ ಕೂತಿತ್ತು, ಉಗುರು ಕಿತ್ತುಬರೋ ಹಾಗೆ ಕೆರೆದ್ರೂ ಬಿಡಲಿಲ್ಲ, ಹಲಗೇನ ಬೆಂಕಿಗೆ ಹಿಡಿದು ಕರಗಿಸಿ ತೆಗೀಬೇಕಾಯ್ತಂತೆ.

ಮೂರನೇ ದಿನ ಬೆಳಗಾಗ್ತಲೇ, ಅಪ್ಪನನ್ನೇ ಕೇಳೋಣ ಅಂತ, ಅವನನ್ನ ಕೂಡಿಹಾಕಿದ್ದ ಸೆರೆಮನೆಗೆ ಹೋದ್ಲು. ಕಾವಲಿನವನು, ಬೇಕಾದ್ರೆ ಮುಖ ನೋಡು, ಮಾತು ಮಾತ್ರ ಆಡಬೇಡ ಅಂದ. ಕಂಬಿಯಾಚೆ ಅಪ್ಪ ಏನು ಮಾಡಿದ ಗೊತ್ತಾ, ಖಾಲಿ ಬಾಯಿ ಮೆಲುಕಾಡಿಸಿ, ಥೂ ಅಂತ ಉಗಿದ ಹಾಗೆ ಮಾಡಿ, ಮೂರು ಬೆರಳು ತೋರಿಸಿದನಂತೆ. ಪಾಪ, ಎಲೆಅಡಿಕೆ ಇಲ್ಲದೆ ಅಪ್ಪನ ಬಾಯಿ ಕೆಟ್ಟುಹೋಗಿದೆ ಅಂತ ಅಳ್ತಾ ಮನೆಗೆ ಬಂದ್ಲು. ಗೂಟದಲ್ಲಿ ಅಪ್ಪನ ಎಲೆಅಡಿಕೆ ಚೀಲ ನೇತಾಡ್ತಿತ್ತು. ಅದನ್ನ ನೋಡಿ ಹಾಗೇ ನಿಂತುಬಿಟ್ಲಂತೆ. ಅಪ್ಪ ಬಣ್ಣ ಬಳಿದ ಕೂಡಲೇ ಗೋಡೆಗೆ ಒರಗಿ ಎಲೆಅಡಿಕೆ ಹಾಕೋನು, ಒಂದು, ಎರಡು, ಮೂರು. ಮೂರನೇದು ಉಗಿದ ಮೇಲೇ ಒರೆಸೋ ಬಟ್ಟೆ ಮುಟ್ಟೋನು. ಊರೆಲ್ಲ ಅವನನ್ನ ಸೋಮಾರಿ ಆಚಾರಿ ಅಂತ ಆಡಿಕೊಳ್ಳೋದು. ಮಗಳೂ ಹಾಗೇ ಅಂದುಕೊಂಡಿದ್ಲು ನೋಡು!

ಮಧ್ಯಾಹ್ನ ಹೊಳೆ ದಂಡೇಲಿ ಊರಿಗೂರೇ ಸೇರ್ತಂತೆ. ಮೋನಪ್ಪನ ಕೈನ ದಿಮ್ಮಿಗೆ ಕಟ್ಟಿ, ಪಕ್ಕದಲ್ಲಿ ಕತ್ತಿ ಹಿಡಿದವನನ್ನ ನಿಲ್ಲಿಸಿದ್ರು. ಕಾಳಮ್ಮ ಬಣ್ಣ ಬಳಿದ್ಲು, ಹಲಗೆಯೆಲ್ಲ ಕೆಂಪು ಮೆತ್ತಿಕೊಂಡು ಒಂದಕ್ಷರ ಕಾಣದು. ಆಮೇಲೆ ರಾಜನ ಎದುರೇ ಚಕ್ಕಂಬಕ್ಕಳ ಹಾಕಿ ಕೂತು, ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡಳಂತೆ! ಜನ ಹೋ ಅಂದ್ರು. ಯಾವತ್ತೂ ಹಾಕಿದವಳಲ್ಲ, ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಅಗಿದು ಉಗಿದ್ಲು. ಒಂದಾಯ್ತು.

ಏ ಹುಡುಗಿ, ಪ್ರಭುಗಳು ಬಿಸಿಲಲ್ಲಿ ನಿಂತವ್ರೆ, ಒರೆಸು ಅಂತ ದಳವಾಯಿ ಗದರಿದ. ಇನ್ನೂ ಆಗಿಲ್ಲ ಅಂತ ತಲೆಯಾಡಿಸಿ ಎರಡನೇದು ಹಾಕಿದ್ಲು. ಅದನ್ನ ಉಗಿಯೋ ಹೊತ್ತಿಗೆ ದಳವಾಯಿಗೆ ತಡೀಲಿಲ್ಲ, ಸನ್ನೆ ಮಾಡಿದ, ಕತ್ತಿ ಮೇಲೆದ್ದಿತು. ಒರೆಸ್ತೀಯೋ ಇಲ್ವೋ? ಕಾಳಮ್ಮನ ಕೈ ತಾನೇ ತಾನಾಗಿ ಬಟ್ಟೆ ಕಡೆ ಹೋಯ್ತಂತೆ. ಒರೆಸಿಬಿಡಲಾ? ಅಪ್ಪನ ಮುಖ ನೋಡಿದ್ಲು. ಅವನು ಕತ್ತಿ ಕಡೆ ನೋಡ್ತಾನೇ ಇರಲಿಲ್ಲ, ಮಗಳ ಬಾಯನ್ನೇ ನೋಡ್ತಾ ತಾನೂ ಖಾಲಿ ಬಾಯಿ ಮೆಲ್ತಿದ್ದನಂತೆ. ಅವಳು ಕೈ ಹಿಂದಕ್ಕೆ ತಗೊಂಡು ಮೂರನೇ ಎಲೆ ಮಡಿಸಿದ್ಲು. ರಾಜ, ಇರು ಅಂತ ಕತ್ತಿಯವನಿಗೆ ಕೈ ತೋರಿದ.

ಮೂರನೇದು ಉಗಿದ್ಲು. ಮಟ್ಟಸವಾದ ಮರದ ತುಂಡಿಗೆ ಬಟ್ಟೆ ಬಿಗಿದು, ಅಕ್ಷರಕ್ಕೆ ಅಡ್ಡಡ್ಡ ಎಳೆದ್ಲು. ಹಿತ್ತಾಳೆ ಹೊಳೀತು, ಅದರೊಳಗೆ ಒಂದೊಂದೇ ಅಕ್ಷರ ಕುಂಕುಮ ಇಟ್ಟ ಹಾಗೆ ಕೆಂಪಗೆ ಎದ್ದು ಬಂತಂತೆ. ಒಂದು ಕೊಡ ನೀರು ಸುರಿದ್ರು, ಎರಡು ಸುರಿದ್ರು, ಮೂರನೇದನ್ನ ರಾಜ ತಾನೇ ಸುರಿದು ಬೆರಳಿಂದ ಉಜ್ಜಿ ನೋಡಿದ. ಬೆರಳಿಗೆ ಒಂಚೂರೂ ಬಣ್ಣ ಹತ್ತಲಿಲ್ಲ.

ಮಗಳಿಗೆ ಗೊತ್ತಿದ್ದು ನಿನಗೆ ಗೊತ್ತಿರಲಿಲ್ವೇನಯ್ಯಾ ಅಂತ ರಾಜ ಕೇಳಿದನಂತೆ. ಗೊತ್ತಿತ್ತು ಬುದ್ಧಿ, ಆದ್ರೆ ನಾನು ಈ ಹಲಗೆಗೆ ಬಣ್ಣ ತುಂಬಿದ ದಿನ ಎರಡನೇ ಎಲೆಅಡಿಕೆ ಬಾಯಲ್ಲಿದ್ದಾಗಲೇ ದಳವಾಯಿಗಳು, ಏ ಸೋಮಾರಿ, ಉಗಿದು ಒರೆಸು ಅಂತ ಕತ್ತಿಗೆ ಕೈಹಾಕಿದ್ರು, ನಾನು ಹೆದರಿ ಒರೆಸಿಬಿಟ್ಟೆ. ತಪ್ಪು ನಂದೂ ಹೌದು. ನನ್ನ ಮಗಳಿಗೂ ಹೆದರಿಕೆಯಾಯ್ತು, ಆದ್ರೆ ಅವಳು ಒರೆಸಲಿಲ್ಲ ಅಂದ ಮೋನಪ್ಪ. ಹೇಳ್ತಾ ಹೇಳ್ತಾ ಅತ್ತುಬಿಟ್ಟನಂತೆ.

ರಾಜ ಅವನ ಕೈಕಟ್ಟು ತಾನೇ ಬಿಚ್ಚಿದ. ಅವತ್ತಿಂದ ಆಚಾರಿ ಮನೇಲಿ ಬಣ್ಣ ಬಳಿದಾಗಲೆಲ್ಲ ದಳವಾಯಿ ಬಂದು ಎಲೆಅಡಿಕೆ ಚೀಲ ಹಿಡಕೊಂಡು, ಮೂರನೇದು ಉಗಿಯೋವರೆಗೂ ತುಟಿಪಿಟಕ್ಕೆನ್ನದೆ ಕೂತಿರಬೇಕು ಅಂತ ಅಪ್ಪಣೆಯಾಯ್ತು. ಅಪ್ಪನೂ ಮಗಳೂ ಒಂದೇ ಜಗಲೀಲಿ ಕೂತು ಅಕ್ಷರ ಕೊರೀತಾ ಸುಖವಾಗಿದ್ರು, ಆ ಹೊಳೇಲಿ ಮತ್ತೆ ಒಂದು ದೋಣಿನೂ ಮಗುಚಲಿಲ್ಲವಂತೆ.

ನಿಮ್ಮಮ್ಮ ಬೈತಾಳಲ್ಲ, ಅಜ್ಜಿ ಬಾಯಿ ಯಾವಾಗಲೂ ಆಡ್ತಾನೇ ಇರ್ತದೆ ಅಂತ, ಅವಳಿಗೂ ಈ ಕತೆ ಹೇಳು. ನನ್ನ ಮೂರನೇ ಎಲೆಅಡಿಕೆ ಮುಗೀತು, ಕತೆನೂ ಮುಗೀತು, ಕಣ್ಮುಚ್ಚು ಇನ್ನು.