ಜೀಪಿನ ದೀಪ ಆರಿದ ಬಗೆ

ಊರೂರು ಸುತ್ತಿ ಬಾಳು ಸವೆಸಿದ ಬಾಡಿಗೆ ಕಾರೊಂದಿತ್ತು. ಒಂದು ಬೆಳಿಗ್ಗೆ ಅದರ ಸ್ಟಿಯರಿಂಗಿನ ಮುಂದೆ ಎಚ್ಚರಿಕೆಯ ಹಳದಿ ದೀಪ ಹೊತ್ತಿಕೊಂಡಿತು. ಗ್ಯಾರೇಜಿಗೆ ಹೋದರೆ, ಅಲ್ಲಿನ ಸ್ಪ್ಯಾನರು ಬಾನೆಟ್ಟನ್ನು ಎತ್ತಿಯೂ ನೋಡದೆ, “ಎಂಜಿನ್ ಹೋಯ್ತಕ್ಕಾ, ಇಳಿಸಬೇಕು” ಎಂದಿತು.

ಕಾರು ಒಪ್ಪಲಿಲ್ಲ. “ಅಲ್ಲಯ್ಯಾ, ಈಗಷ್ಟೇ ಘಾಟಿ ಹತ್ತಿ ಬಂದೆ. ಎದೆಯಲ್ಲಿ ಒಂದು ಕೆಮ್ಮೂ ಇಲ್ಲವಲ್ಲ.”

“ದೀಪ ಸುಳ್ಳು ಹೇಳುತ್ತದೆಯೇ?”

ಕಾರು ದೀಪವನ್ನೇ ಕೇಳಿತು. “ನೀನೇನು ಕಂಡೆ ಮಾರಾಯಾ?”

“ಎಲ್ಲೋ ಏನೋ ಸರಿಯಿಲ್ಲ ಅಂದೆ, ಅಷ್ಟೆ. ಎಂಜಿನ್ ಹೋಗಿದೆ ಅಂತ ನಾನೆಲ್ಲಿ ಅಂದೆ?”

ಸ್ಪ್ಯಾನರು ನಕ್ಕಿತು. “ನಂಬಿಕೆಯಿಲ್ಲದಿದ್ದರೆ ಆ ಜೀಪಜ್ಜನನ್ನು ಕೇಳು. ಅವನ ದೀಪ ಆರಿಸಿದ್ದು ನಾನೇ.”

ಮೂಲೆಯಲ್ಲಿ, ಗಾಲಿಗಳಿಲ್ಲದ ಜೀಪೊಂದು ಇಟ್ಟಿಗೆಗಳ ಮೇಲೆ ಕೂತಿತ್ತು.

“ಹೌದೇ ಅಜ್ಜಾ? ಎಂಜಿನ್ ಇಳಿಸಿದ ಮೇಲೆ ನಿನ್ನ ದೀಪ ಆರಿತೇ?”

“ಎಲ್ಲಿ ಆರಿತು ಮಗಳೇ? ಆಮೇಲೆ ಗೇರ್ ಬಾಕ್ಸನ್ನೂ ಇಳಿಸಿದರು. ಆಗಲೂ ಉರಿಯುತ್ತಲೇ ಇತ್ತು. ಕೊನೆಗೆ ಅದರ ಬಲ್ಬನ್ನೇ ಕಿತ್ತರು. ಆಗ ಆರಿತು.”

ತಿರುಗಿಕೊಳ್ಳುವಷ್ಟೂ ಪುರುಸೊತ್ತು ಮಾಡಿಕೊಳ್ಳದೆ, ಉರಿಯುವ ದೀಪ ಹೊತ್ತುಕೊಂಡೇ ಕಾರು ರಿವರ್ಸಿನಲ್ಲಿ ಗೇಟು ದಾಟಿತು.