ಮುಚ್ಚಳ ತೆಗೆದು ನೋಡಿದವನು

"ಬುದ್ಧಿ, ಒಳಗೆ ಏನಾದರೂ ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಮರಿದೇವ ಕೇಳಿದ.

ಅವನು ಮಠ ಸೇರಿ ಕೆಲವು ವರ್ಷಗಳಾಗಿದ್ದವು. ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಿದ್ದ. ಕೂತ ಸ್ವಲ್ಪ ಹೊತ್ತಿಗೆ, ಮನಸ್ಸು ನಿಂತಿತೇ ಎಂದು ನೋಡಿಕೊಳ್ಳುತ್ತಿದ್ದ. ನೋಡಿಕೊಂಡಾಗಲೆಲ್ಲ ಮನಸ್ಸು ಬೇರೆಲ್ಲೋ ಇರುತ್ತಿತ್ತು. ಈಚೆಗೆ ಅವನಿಗೆ ತಾನು ಬಂದದ್ದೇ ವ್ಯರ್ಥವಾಯಿತು ಅನ್ನಿಸತೊಡಗಿತ್ತು. ಊರಿಗೆ ವಾಪಸು ಹೋಗುವ ಯೋಚನೆಯೂ ಬಂದಿತ್ತು.

"ದಿನಕ್ಕೆ ಎಷ್ಟು ಸಲ ನೋಡಿಕೊಳ್ಳುತ್ತೀಯೆ?" ಎಂದರು ಗುರುಗಳು.

"ಲೆಕ್ಕ ಇಟ್ಟಿಲ್ಲ ಬುದ್ಧಿ."

"ಸದ್ಯ, ಅದೊಂದನ್ನು ಬಾಕಿ ಉಳಿಸಿದ್ದೀಯೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಇದನ್ನು ಹೇಳುವಾಗ ನನಗೇ ಸಂಕಟವಾಗುತ್ತದೆ, ಬೇಗ ಹೇಳಿ ಮುಗಿಸಬೇಕು."

ಗುರುಗಳು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೈ ಚೆನ್ನಾಗಿತ್ತು. ಅವನದೊಂದು ಪದ್ಧತಿ ಇತ್ತು. ರಿಪೇರಿಯಾದ ಗಡಿಯಾರವನ್ನು ಗಿರಾಕಿಯ ಕೈಗೆ ಕೊಡುವ ಮೊದಲು, ಹಿಂದಿನ ಮುಚ್ಚಳ ತೆಗೆದು ಇನ್ನೊಮ್ಮೆ ನೋಡುತ್ತಿದ್ದ. ಟಿಕ್ ಟಿಕ್ ಕೇಳಿಸುತ್ತಿದ್ದರೂ ನೋಡುತ್ತಿದ್ದ. ಮುಳ್ಳು ಓಡುವುದು ಕಾಣಿಸುತ್ತಿದ್ದರೂ ನೋಡುತ್ತಿದ್ದ. ಚಕ್ರ ತಿರುಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಅವನಿಗೆ ಸಮಾಧಾನ. ಅದರಲ್ಲಿ ತಪ್ಪೇನಿಲ್ಲ ಬಿಡು. ಮುಚ್ಚಳ ತೆಗೆದು ನೋಡಿದರೆ ಗಡಿಯಾರಕ್ಕೆ ಏನೂ ಆಗುವುದಿಲ್ಲ.

ಅವನ ಹೆಂಡತಿ ದಾಕ್ಷಾಯಣಿ. ಮಕ್ಕಳಿರಲಿಲ್ಲ. ಅವಳು ನಗುವ ರೀತಿ ಬೇರೆಯವರ ಹಾಗಲ್ಲ. ಎಷ್ಟು ನಕ್ಕರೂ ಶಬ್ದ ಬರುತ್ತಿರಲಿಲ್ಲ. ಸೆರಗು ಬಾಯಿಗೆ ಹೋಗುತ್ತಿತ್ತು, ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟೇ. ಅಂಗಡಿಯಿಂದ ದಣಿದು ಬಂದವನಿಗೆ ಅದೊಂದು ಕಂಡರೆ ಸಾಕಿತ್ತು.

ಅವಳಿಗೆ ರಕ್ತದ ಕಾಯಿಲೆ ಬಂತು. ದೊಡ್ಡಾಸ್ಪತ್ರೆಯ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದರು. ಅವನಿಗೆ ಅರ್ಥವಾಯಿತು. ಮದ್ದು ಮಾತ್ರೆ ತೆಗೆದುಕೊಂಡು ಬಸ್ಸಿನಲ್ಲಿ ಅವಳನ್ನು ಕರೆತರುವಾಗ ಅವನಿಗೆ ಒಂದೇ ಹೆದರಿಕೆ. ಇವಳು ಹೋದ ಮೇಲೆ ಆ ನಗುವನ್ನು ಎಲ್ಲಿಂದ ತರುವುದು? ಫೋಟೋ ತೆಗೆಸಬಹುದು. ಆದರೆ ಫೋಟೋದಲ್ಲಿ ಭುಜ ಕುಲುಕುವುದಿಲ್ಲ.

ಪೇಟೆಯ ಗುಜರಿ ಅಂಗಡಿಯಲ್ಲಿ ಅವನಿಗೆ ಒಂದು ಹಳೆಯ ಸಿನಿಮಾ ಕ್ಯಾಮೆರಾ ಸಿಕ್ಕಿತು. ಕೈಯಲ್ಲಿ ಹಿಡಿಯುವಂಥದು, ಗಡಿಯಾರದ ಹಾಗೆ ಕೀಲಿ ಕೊಟ್ಟರೆ ಸ್ಪ್ರಿಂಗಿನಿಂದ ಓಡುವಂಥದು. ಯಾರೋ ದೊಡ್ಡ ಮನೆಯವರು ಇಟ್ಟುಕೊಂಡು ಮರೆತದ್ದು. ಶಬ್ದ ಹಿಡಿಯುತ್ತಿರಲಿಲ್ಲ, ಬರೀ ಚಿತ್ರ. ಅವನಿಗೂ ಬೇಕಾದದ್ದು ಅಷ್ಟೇ.

ಕ್ಯಾಮೆರಾ ಕೆಟ್ಟಿತ್ತು. ಮೊದಲು ಕೀಲಿಯೇ ತಿರುಗಲಿಲ್ಲ. ಒಳಗಿನ ಗ್ರೀಸು ಒಣಗಿ ಮೇಣವಾಗಿತ್ತು. ಪೆಟ್ರೋಲಿನಲ್ಲಿ ತೊಳೆದು ಗಡಿಯಾರದ ಎಣ್ಣೆ ಬಿಟ್ಟ. ಕೀಲಿ ತಿರುಗಿತು, ಲೆನ್ಸು ಮಬ್ಬಾಗಿತ್ತು. ಬೂಷ್ಟು ಒರೆಸಿದ. ಆಮೇಲೆ ಒಂದು ಹಲ್ಲುಚಕ್ರ ಸವೆದದ್ದು ಕಂಡಿತು. ಒಂದು ಟೈಂಪೀಸಿನ ಚಕ್ರವನ್ನು ಅರದಿಂದ ಉಜ್ಜಿ ಕೂರಿಸಿದ. ಒಂದು ಸರಿಯಾದರೆ ಇನ್ನೊಂದು. ಹೆಂಡತಿ ಒಳಗಿನ ಕೋಣೆಯಲ್ಲಿ ಮಲಗಿರುತ್ತಿದ್ದಳು, ಅವನು ಹೊರಗಿನ ಜಗಲಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದ.

"ರೀ, ಒಂದ್ಗಳಿಗೆ ಬಂದು ಕೂತ್ಕೊಳ್ಳಿ. ಬೇಜಾರಾಗ್ತಿದೆ" ಎಂದು ಅವಳು ಕರೆಯುತ್ತಿದ್ದಳು.

"ಬಂದೆ ಕಣೇ ದಾಕ್ಷಿ. ಇದೊಂದು ಆಗ್ಲಿ. ನಿನಗೋಸ್ಕರಾನೇ ತಾನೆ ಮಾಡ್ತಿರೋದು?" ಎನ್ನುತ್ತಿದ್ದ.

ಸುಳ್ಳಲ್ಲ ಮರಿದೇವ. ಅವಳಿಗೋಸ್ಕರವೇ ಮಾಡುತ್ತಿದ್ದ.

ಕೊನೆಗೆ ಉಳಿದದ್ದು ಒಂದೇ ದೋಷ. ಫಿಲ್ಮಿನ ಅಂಚಿನಲ್ಲಿ ತೂತುಗಳಿರುತ್ತವೆ. ಒಂದು ಪುಟ್ಟ ಕೊಕ್ಕೆ ಆ ತೂತಿಗೆ ಸಿಕ್ಕಿಕೊಂಡು ಫಿಲ್ಮನ್ನು ಎಳೆಯುತ್ತದೆ. ಆ ಕೊಕ್ಕೆಯ ತುದಿ ಬಾಗಿತ್ತು. ಒಮ್ಮೊಮ್ಮೆ ಜಾರುತ್ತಿತ್ತು. ಆಗ ಕ್ಯಾಮೆರಾ ಕಿರ್ರೆಂದು ಓಡುತ್ತಲೇ ಇರುತ್ತದೆ, ಫಿಲ್ಮು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಅವನು ಕೊಕ್ಕೆ ನೆಟ್ಟಗೆ ಮಾಡಿದ. ಒಂದು ಹಳೆಯ ಫಿಲ್ಮಿನ ತುಂಡು ಹಾಕಿ, ಮುಚ್ಚಳ ತೆರೆದಿಟ್ಟುಕೊಂಡು ಓಡಿಸಿ ನೋಡಿದ. ಸರಿಯಾಗಿ ಎಳೆಯಿತು. ಮತ್ತೆ ಓಡಿಸಿದ, ಮತ್ತೆ ಎಳೆಯಿತು. ಕ್ಯಾಮೆರಾ ರಿಪೇರಿಯಾಗಿತ್ತು. ಅವನಿಗೆ ಮಾತ್ರ ನಂಬಿಕೆ ಬರಲಿಲ್ಲ.

ಹೊಸ ಫಿಲ್ಮು ಸಿಗುವುದು ಕಷ್ಟವಾಗಿತ್ತು. ಸ್ಟುಡಿಯೋದವನೊಬ್ಬ ತನ್ನಲ್ಲಿದ್ದ ಕಡೆಯ ಸುರುಳಿಯನ್ನು ಕೊಟ್ಟ. "ಹಾಕುವಾಗ ನೆರಳಲ್ಲಿ ಹಾಕಿ. ಹಾಕಿ ಮುಚ್ಚಿದ ಮೇಲೆ ಮುಗಿಯೋವರೆಗೂ ಮುಚ್ಚಳ ತೆಗೀಬೇಡಿ, ಬೆಳಕು ಬಿದ್ರೆ ಚಿತ್ರ ಅಳಿಸಿಹೋಗುತ್ತೆ" ಎಂದು ಹೇಳಿದ. ಇವನು ತಲೆಯಾಡಿಸಿದ. ದಾರಿಯಲ್ಲಿ ಬರುತ್ತಾ ಯೋಚಿಸಿದ. ನೆರಳಲ್ಲಿ ಹಾಕಬಹುದಾದರೆ ನೆರಳಲ್ಲಿ ನೋಡಲೂ ಬಹುದು. ಬುದ್ಧಿವಂತ ನೋಡು.

ಅಂಗಡಿಯಲ್ಲಿ ಫಿಲ್ಮು ಹಾಕಿ, ವೇಗ ಸರಿಯಿದೆಯೇ ಎಂದು ಮೊದಲು ಗೋಡೆ ಗಡಿಯಾರದ ಲೋಲಕ ಆಡುವುದನ್ನು ತೆಗೆದ. ಆಮೇಲೆ ಮನೆಗೆ ಬಂದ.

ಅವತ್ತು ದಾಕ್ಷಾಯಣಿ ಮೈ ತೊಳೆದುಕೊಂಡು, ಹಸಿರು ಸೀರೆ ಉಟ್ಟು, ಪಕ್ಕದ ಮನೆಯಾಕೆಯ ಕೈಲಿ ಜಡೆ ಹಾಕಿಸಿಕೊಂಡಿದ್ದಳು. ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತಳು. ಅವನು ಗುಂಡಿ ಒತ್ತಿದ. ಅವಳು ಕೂದಲು ಸರಿಮಾಡಿಕೊಂಡಳು. ಸ್ಪ್ರಿಂಗು ಮುಗಿಯಿತು. ಮತ್ತೆ ಕೀಲಿ ಕೊಡಬೇಕು. ಕೀಲಿ ಕೊಡುವ ನೆಪದಲ್ಲಿ ಅವನು ಮೂಲೆಗೆ ತಿರುಗಿ, ಪಂಚೆಯ ಮರೆಯಲ್ಲಿ ಮುಚ್ಚಳ ತೆಗೆದು ನೋಡಿದ. ಫಿಲ್ಮು ಸರಿಯಾಗಿ ಓಡಿತ್ತು. ಮುಚ್ಚಿದ. ಮತ್ತೆ ಗುಂಡಿ ಒತ್ತಿದ, ಅವಳು ಹೂವು ಮುಡಿದುಕೊಂಡಳು. ಮತ್ತೆ ಮೂಲೆಗೆ ಹೋಗಿ ನೋಡಿದ. ಸರಿಯಾಗಿಯೇ ಓಡಿತ್ತು. ಪ್ರತಿ ಸಲವೂ ಸರಿಯಾಗಿಯೇ ಓಡಿತ್ತು. ಪ್ರತಿ ಸಲವೂ ಆಗತಾನೇ ಚಿತ್ರ ತೆಗೆದ ಭಾಗದ ಮೇಲೆ ಬೆಳಕು ಬೀಳುತ್ತಿತ್ತು.

ಕಡೆಯ ಸಲ ಕ್ಯಾಮೆರಾದ ಸದ್ದು ಸ್ವಲ್ಪ ಬದಲಾದ ಹಾಗೆ ಅವನಿಗೆ ಕೇಳಿಸಿತು. ಕೊಕ್ಕೆ ಜಾರಿತೇ? ಗುಂಡಿ ಒತ್ತಿಕೊಂಡೇ ಕ್ಯಾಮೆರಾವನ್ನು ಕಿವಿಗೆ ಆನಿಸಿಕೊಂಡ. ಚೆನ್ನಾಗಿ ಕೇಳಿಸಲೆಂದು ಕಣ್ಣು ಮುಚ್ಚಿಕೊಂಡ. ಲೆನ್ಸು ಮಾತ್ರ ಅವಳ ಕಡೆಗೇ ಇತ್ತು.

"ಅದಕ್ಕೂ ಜ್ವರ ಬಂತೇನ್ರೀ?" ಎಂದಳು ದಾಕ್ಷಾಯಣಿ. ಹೇಳಿದವಳೇ ನಗತೊಡಗಿದಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ಸೆರಗು ಬಾಯಿಗೆ ಹೋಯಿತು, ಭುಜ ಕುಲುಕಿತು. ಪಕ್ಕದ ಮನೆಯಾಕೆಯೂ ತಡೆಯಲಾರದೆ ನಕ್ಕಳು.

"ಸುಮ್ನಿರಮ್ಮಾ ಸ್ವಲ್ಪ. ಓಡ್ತಿದೆಯೋ ಇಲ್ವೋ ಕೇಳಿಸ್ತಿಲ್ಲ" ಎಂದು ಅವನು ಪಕ್ಕದ ಮನೆಯಾಕೆಯನ್ನು ಗದರಿದ. ದಾಕ್ಷಾಯಣಿಯನ್ನು ಗದರುವ ಕಾರಣವಿರಲಿಲ್ಲ. ಅವಳ ನಗುವಿಗೆ ಶಬ್ದವೇ ಇರಲಿಲ್ಲವಲ್ಲ.

ಸ್ಪ್ರಿಂಗು ನಿಂತಿತು. ಅವನು ಮೂಲೆಗೆ ಹೋಗಿ ಮುಚ್ಚಳ ತೆಗೆದು ನೋಡಿದ. ಫಿಲ್ಮು ಪೂರ್ತಿ ಓಡಿ ಮುಗಿದಿತ್ತು. ಅವನಿಗೆ ಬಹಳ ಸಂತೋಷವಾಯಿತು. ಹೆಂಡತಿಯ ಬಳಿ ಬಂದು, "ಎಲ್ಲಾ ಬಂತು ಕಣೇ" ಎಂದ. ಅವಳು ಸುಸ್ತಾಗಿ ಕಂಬಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು.

ಫಿಲ್ಮು ತೊಳೆಸಲು ಮುಂಬಯಿಗೆ ಹೋಯಿತು. ಅದು ಬರುವಷ್ಟರಲ್ಲಿ ದಾಕ್ಷಾಯಣಿ ತೀರಿಕೊಂಡಳು.

ತಿಥಿಯೆಲ್ಲ ಕಳೆದ ಮೇಲೆ ಅವನು ಸ್ಟುಡಿಯೋದವನಿಂದ ಪ್ರೊಜೆಕ್ಟರು ತಂದ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ. ಪಕ್ಕದ ಮನೆಯಾಕೆಯೂ ಬಂದು ಬಾಗಿಲ ಹತ್ತಿರ ಕೂತಳು. ಸುಣ್ಣದ ಗೋಡೆಯ ಮೇಲೆ ಮೊದಲು ಲೋಲಕ ಕಾಣಿಸಿತು. ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಎಷ್ಟು ಸ್ಪಷ್ಟವಾಗಿತ್ತೆಂದರೆ ಗಡಿಯಾರದ ಮೇಲಿನ ದೂಳು ಸಹ ಕಾಣುತ್ತಿತ್ತು. ಮೊದಲು ತೆಗೆದದ್ದರಿಂದ ಆ ಭಾಗ ಕ್ಯಾಮೆರಾದಲ್ಲಿ ಸುರುಳಿಯ ಒಳಗಡೆ, ಎಲ್ಲದರ ಅಡಿಯಲ್ಲಿ ಸೇರಿಕೊಂಡಿತ್ತು. ಅಲ್ಲಿಗೆ ಬೆಳಕು ಮುಟ್ಟಿರಲಿಲ್ಲ.

ಆಮೇಲೆ ಗೋಡೆ ಬಿಳಿಯಾಯಿತು. ಬಿಳಿಯಾಗಿಯೇ ಉಳಿಯಿತು.

ಪ್ರೊಜೆಕ್ಟರು ಕೆಟ್ಟಿರಬೇಕು ಎಂದುಕೊಂಡ. ಅದರ ಮುಚ್ಚಳವನ್ನೂ ತೆಗೆದು ನೋಡಿದ. ಅದು ಸರಿಯಾಗಿತ್ತು. ಮತ್ತೆ ಓಡಿಸಿದ. ಲೋಲಕ ಬಂತು, ಆಮೇಲೆ ಬಿಳಿ ಗೋಡೆ. ಫಿಲ್ಮನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ಗಾಜಿನ ಹಾಗೆ ಖಾಲಿಯಾಗಿತ್ತು. ಆಗ ಅವನಿಗೆ ತಾನು ಏನು ಮಾಡಿದೆನೆಂಬುದು ಗೊತ್ತಾಯಿತು. ಎಲ್ಲ ರಿಪೇರಿ ಬಲ್ಲ ಆ ಕೈಗೆ ಇದರಲ್ಲಿ ಮಾಡುವಂಥದು ಏನೂ ಇರಲಿಲ್ಲ.

"ಹೋಗ್ಲಿ ಬಿಡಿ" ಎಂದಳು ಪಕ್ಕದ ಮನೆಯಾಕೆ. "ಅವತ್ತು ನಕ್ಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ."

ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಹೇಗೆ ನಕ್ಕಳು? ತೋರಿಸಿ" ಎಂದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತೋರಿಸಲು ಹೋದಳು. ಭುಜ ಕುಲುಕಿತು. ಬಂದದ್ದು ಅಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರಿದೇವ ತಲೆ ತಗ್ಗಿಸಿ ಕೂತಿದ್ದ. ಕತೆಯಿಂದ ಅವನಿಗೆ ದುಃಖವಾಗಿತ್ತು. ಆದರೂ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ ಎಂಬ ಸಮಾಧಾನವೂ ಇತ್ತು.

"ತಿಳಿಯಿತು ಬುದ್ಧಿ. ಇನ್ನು ನಡುನಡುವೆ ನೋಡಿಕೊಳ್ಳುವುದಿಲ್ಲ. ಅವನೂ ಮುಚ್ಚಳ ತೆಗೆಯದೆ ಇದ್ದಿದ್ದರೆ ಆ ನಗು ಉಳಿಯುತ್ತಿತ್ತು" ಎಂದ.

"ತೆಗೆಯದೆ ಇದ್ದಿದ್ದರೂ ಆ ನಗುವನ್ನು ಅವನು ಮೊದಲ ಸಲ ನೋಡುತ್ತಿದ್ದುದು ಗೋಡೆಯ ಮೇಲೆ, ಅವಳು ಹೋದ ಮೇಲೆ" ಎಂದರು ಗುರುಗಳು.