ಕ್ಯಾಮೆರಾದ ಎಡಗಿವಿ

ಹೊಳೆಯ ದಂಡೆಯ ಮೇಲೆ ಅಡವಯ್ಯ ಅಜ್ಜನ ಆಶ್ರಮ. ಒಂದು ಗದ್ದುಗೆ, ಎರಡು ಕೋಣೆ, ನೀರಿಗೆ ಇಳಿಯುವ ಕಲ್ಲುಮೆಟ್ಟಿಲು. ಮಿಕ್ಕದ್ದೆಲ್ಲ ಬೇವಿನ ನೆರಳು.

ಕಾವಿ ಉಡುವ ಮೊದಲು ಅಜ್ಜ ಶಾಲೆಯ ಮಾಸ್ತರರು. ಆಗ ಅವರಿಗೆ ಒಂದೇ ಹುಚ್ಚು. ಸೂಟಿಯ ದಿನ ಕ್ಯಾಮೆರಾಕ್ಕೆ ರೀಲು ಹಾಕಿಕೊಂಡು ಹೊಲ ಹಳ್ಳ ತಿರುಗುವುದು. ಸಂಸಾರ ಬಿಟ್ಟು ಬರುವಾಗ ಆ ಕ್ಯಾಮೆರಾವನ್ನು ಶಿಷ್ಯ ಚನ್ನವೀರನ ಕೈಗೆ ಕೊಟ್ಟು ಬಂದರು.

ಕೊಡುವಾಗ ಒಂದೇ ಪಾಠ ಹೇಳಿದರು.

"ರೀಲು ಹಾಕಿ ಮುಚ್ಚಳ ಮುಚ್ಚಿದ ಮ್ಯಾಲೆ ಬಲಗಡೆ ಸನ್ನಿ, ಈ ಸಣ್ಣ ಹಿಡಿಕಿ, ಎಳಿ. ಎಳದಾಗ ಎಡಗಡೆ ಈ ತಿರುಪಿನ ಕಿವಿ ತಾನಾಗಿ ತಿರುಗಬೇಕು. ತಿರುಗಿತಂದ್ರ ಒಳಗ ರೀಲು ನಡದೈತಿ. ತಿರುಗಲಿಲ್ಲಂದ್ರ ನೀ ಎಷ್ಟು ಒತ್ತಿದ್ರೂ ಒಳಗ ಏನೂ ಇಲ್ಲ."

ಹೇಳುತ್ತ ಹೇಳುತ್ತ ಚನ್ನವೀರನ ಎಡಗಿವಿ ಹಿಡಿದು ಒಂದು ಸುತ್ತು ತಿರುವಿದರು. ನೆನಪಿರಲಿ ಎಂದು.

ಚನ್ನವೀರ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಫೋಟೊ ಅವನಿಗೆ ಹೊಟ್ಟೆಪಾಡಲ್ಲ, ಹವ್ಯಾಸ. ಊರಿಗೆ ಊರೇ ಫೋನಿನಲ್ಲಿ ತೆಗೆಯಲು ಕಲಿತ ಮೇಲೂ ಅವನು ರೀಲು ಬಿಡಲಿಲ್ಲ.

ಒಂದು ಅಮಾವಾಸ್ಯೆಗೆ ಅವನೂ ಹೆಂಡತಿ ಮಹಾದೇವಿಯೂ ಆಶ್ರಮಕ್ಕೆ ಬಂದರು. ಅವರ ಒಬ್ಬಳೇ ಮಗಳು ಅಕ್ಷತಾ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕಾಲೇಜಿಗೆಂದು ಹೋದ ಹುಡುಗಿ ಜ್ವರ ಹೊತ್ತುಕೊಂಡು ತಿರುಗಿ ಬಂದಳು. ಮಲಗಿದವಳು ಏಳಲಿಲ್ಲ.

ಪ್ರಸಾದವಾಯಿತು. ಮಹಾದೇವಿ ಅಜ್ಜನ ಪಾದಕ್ಕೆ ಹಣೆ ಹಚ್ಚಿ ಎದ್ದು, ಕೈಚೀಲದಿಂದ ಫೋನು ತೆಗೆದಳು.

"ಅಜ್ಜಾರ, ನಮ್ಮ ಅಕ್ಕೂನ್ನ ನೋಡ್ರಿ. ರೊಟ್ಟಿ ಬಡಿಯಾಕ ಕುಂತಾಳ. ಹಿಟ್ಟೆಲ್ಲ ಮುಖಕ್ಕ ಬಡಕೊಂಡಾಳ."

ಅಜ್ಜ ಕನ್ನಡಕ ಏರಿಸಿ ನೋಡಿದರು. ನಕ್ಕರು.

"ರೊಟ್ಟಿ ಏನಾತು?"

"ರೊಟ್ಟಿ ಎಲ್ಲೀದ್ರಿ, ನಾಕು ಮೂಲಿ ಟವೆಲ್ ಆಗಿತ್ತು. ನಿಮ್ಮಪ್ಪನ ಅಂಗಡ್ಯಾಗ ಇಡು, ಯಾರರೆ ಒಯ್ತಾರ ಅಂದಿದ್ದೆ."

ನಗುವ ನಡುವೆಯೇ ಅವಳ ದನಿ ಒಡೆಯಿತು. ಫೋನನ್ನು ಗಂಡನ ಕಡೆಗೆ ಚಾಚಿದಳು.

"ನೀವೂ ನೋಡ್ರಿ. ಒಂದ್ಸಲ ನೋಡ್ರಿ."

ಚನ್ನವೀರ ಮುಖ ತಿರುಗಿಸಿದ.

"ಅದೇನು ಫೋಟೊನ? ಬೆಳಕು ಸರಿಯಿಲ್ಲ."

ಮಹಾದೇವಿ ಫೋನನ್ನು ಸೆರಗಿನಿಂದ ಒರೆಸಿ ಚೀಲದೊಳಗಿಟ್ಟಳು. ಬೇವಿನ ಕೆಳಗೆ ಪಾತ್ರೆ ತಿಕ್ಕುತ್ತಿದ್ದ ಹೆಂಗಸರ ಕಡೆಗೆ ಎದ್ದು ಹೋದಳು.

ಅಜ್ಜ ಚನ್ನವೀರನ ಕೊರಳಿನ ಕಡೆ ನೋಡಿದರು. ಅಲ್ಲಿ ಅವರದೇ ಹಳೆಯ ಕ್ಯಾಮೆರಾ ತೂಗುತ್ತಿತ್ತು.

"ಈಗೂ ರೀಲು ಹಾಕ್ತೀಯೇನು?"

"ಹಾಕ್ತೀನ್ರಿ."

"ಎಷ್ಟು ದಿನಕ್ಕೊಮ್ಮೆ ಒತ್ತತಿ?"

ಚನ್ನವೀರ ತಲೆ ತಗ್ಗಿಸಿದ. "ಮೊದಲ ಐತವಾರಕ್ಕೊಮ್ಮೆ ಒತ್ತತಿದ್ದೆ. ಈಗ ವರ್ಷಕ್ಕೊಮ್ಮೆ."

"ಯಾಕ? ರೀಲು ತುಟ್ಟಿ ಆತೇನು?"

"ಹಂಗಲ್ರಿ ಅಜ್ಜಾರ."

ಅವನು ಕ್ಯಾಮೆರಾವನ್ನು ಎದೆಗೆ ಅವಚಿಕೊಂಡ.

"ಇದರೊಳಗ ಅಕ್ಕು ಅದಾಳ್ರಿ. ಕಡೀ ಸಲ ಕಾಲೇಜಿಗೆ ಹೊಂಟಾಗ ಬಾಗಲದಾಗ ನಿಲ್ಲಿಸಿ ತಗದೆ. ರೀಲು ಮುಗದ್ರ ತೊಳಸಿ ಫೋಟೊ ಮಾಡಸಬೇಕು. ಅದಕ್ಕ ಆಕಿ ತೀರಿದ ದಿನ ಒಂದ ಒಂದು ಒತ್ತತೀನಿ. ಲಗೂ ಮುಗೀಬಾರದಂತ."

"ಮುಗದ್ರ ಏನಾಗತೈತಿ?"

"ಈಗ ಆಕಿ ಬರೂದು ಇನ್ನಾ ಬಾಕಿ ಐತ್ರಿ. ತೊಳಸಿದ್ರ, ಬಂದು ಹೋದಂಗ ಆಗತೈತಿ."

ಹೊಳೆಯ ಮೇಲೆ ಒಂದು ಹಕ್ಕಿ ನೀರು ತಾಗಿ ಹಾರಿತು. ಅಜ್ಜ ಬೇವಿನ ಕಡೆ ಕೈ ಮಾಡಿದರು.

"ಅಲ್ಲಿ ನಿನ್ನ ಹೆಂಡತಿ ಕುಂತಾಳ. ಆಕೀದೊಂದು ತಗಿ."

"ಈ ರೀಲಿನ್ಯಾಗ?"

"ಅದರಾಗ. ಬರೂವಾಗ ಅವ್ವನ ಸಂಗಾಟ ಬರಲೇಳು ಮಗಳು."

ಗುರುವಿನ ಮಾತು ಮೀರಿ ಚನ್ನವೀರನಿಗೆ ಗೊತ್ತಿರಲಿಲ್ಲ. ಎದ್ದ. ಕ್ಯಾಮೆರಾ ಕಣ್ಣಿಗೆ ಹಿಡಿದ. ಬಹಳ ಹೊತ್ತು ನೋಡಿದ. ಮಹಾದೇವಿ ಬೂದಿ ಮೆತ್ತಿದ ಕೈಯಲ್ಲೇ ಹಣೆಯ ಕೂದಲು ಹಿಂದೆ ಸರಿಸಿದಳು. ಒತ್ತಿದ. ಬಲಗಡೆಯ ಸನ್ನೆ ಎಳೆದ.

ಅಜ್ಜ ಪಕ್ಕದಲ್ಲೇ ನಿಂತಿದ್ದರು. ಅವರ ಕಣ್ಣು ಮಹಾದೇವಿಯ ಮೇಲೆ ಇರಲಿಲ್ಲ, ಕ್ಯಾಮೆರಾದ ಎಡಗಿವಿಯ ಮೇಲಿತ್ತು.

ಕಿವಿ ತಿರುಗಲಿಲ್ಲ.

"ಇನ್ನೊಂದು ತಗಿ."

"ಅಜ್ಜಾರ, ಮುಗದ ಹೋಗತೈತ್ರಿ."

"ತಗಿ."

ಚನ್ನವೀರ ಒತ್ತಿದ. ಸನ್ನೆ ಎಳೆದ. ಕಿವಿ ಕಲ್ಲಿನ ಹಾಗೆ ಕುಳಿತಿತ್ತು. ಅವನ ಕಣ್ಣು ಆ ಕಡೆ ಹೋಗಲೇ ಇಲ್ಲ.

ಅಜ್ಜ ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತರು.

"ಈ ರೀಲು ಎಂದು ಹಾಕಿದ್ದಿ?"

"ಆಕಿ ಹೋಗೂ ದಿನಾನ ಹಾಕಿದ್ದೆ. ಬಸ್ಸು ಬಂದು ನಿಂತಿತ್ರಿ. 'ಅಪ್ಪಾ, ಲಗೂ ಮಾಡೋ, ನೀ ರೀಲು ಹಾಕೂದ್ರಾಗ ನಂದು ಡಿಗ್ರಿ ಮುಗೀತೈತಿ' ಅಂತ ನಗಲಿಕ್ಕೆ ಹತ್ತಿದ್ಲು. ಗಡಬಡಿಸಿ ಹಾಕಿ ಆ ನಗೀನ ತಗದೆ ನೋಡ್ರಿ. ಬಾಗಲದಾಗ ಓರೆ ಬಿಸಲು. ಅಂಥಾ ಬೆಳಕು ಮತ್ತ ಸಿಗಲಿಲ್ಲ."

ಅಜ್ಜನ ಕಣ್ಣು ಮತ್ತೆ ಕ್ಯಾಮೆರಾದ ಎಡಗಿವಿಗೆ ಹೋಯಿತು.

ಚನ್ನವೀರನೇ ಮುಂದುವರಿಸಿದ. ಹೆಂಡತಿಯ ಚಿತ್ರ ತೆಗೆದದ್ದರಿಂದಲೋ ಏನೋ, ಅವನ ಮುಖ ಸ್ವಲ್ಪ ಸಡಿಲಾಗಿತ್ತು.

"ನೀವಂದದ್ದು ಖರೇ ಐತಿ ಅನಸ್ತೈತ್ರಿ. ಎಷ್ಟು ದಿನ ಅಂತ ಆಕೀನ್ನ ಕತ್ತಲದಾಗ ಇಡ್ಲಿ? ಬರೂ ಅಮಾಸಿ ಅನ್ನೂದ್ರಾಗ ತೊಳಸ್ತೀನಿ. ತಂದು ಮೊದಲ ನಿಮಗ ತೋರಸ್ತೀನಿ."

ಅಜ್ಜ ಅವನ ಮುಖವನ್ನು ನೋಡುತ್ತ ಕುಳಿತರು. ಆಮೇಲೆ ಕೈ ಚಾಚಿದರು.

"ಕೊಡಿಲ್ಲೆ. ಹಿಡದು ಭಾಳ ದಿನ ಆತು."

ಚನ್ನವೀರ ಕೊರಳಿನಿಂದ ತೆಗೆದು ಕೊಟ್ಟ.

ಅಜ್ಜ ಕ್ಯಾಮೆರಾ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಪಾದ ನೀರಿಗೆ ತಾಗಿತು. ಕೈ ನಡುಗುತ್ತಿತ್ತು. ಅವರ ಕೈ ಯಾವಾಗಲೂ ಸ್ವಲ್ಪ ನಡುಗುವಂಥದ್ದೇ. ಬೊಗಸೆ ನೀರಿಗೆಂದು ಬಾಗಿದರು.

ಕ್ಯಾಮೆರಾ ನೀರಿಗೆ ಬಿತ್ತು.

ಅಲ್ಲಿ ಮಡುವು. ಚನ್ನವೀರ ಉಟ್ಟ ಬಟ್ಟೆಯಲ್ಲೇ ಹಾರಿದ. ದಂಡೆಯಲ್ಲಿದ್ದ ಅಂಬಿಗರ ಯಮನಪ್ಪನೂ ಹಾರಿದ. ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಕೈಗೆ ಬಂದದ್ದು ಕೆಸರು ಮಾತ್ರ.

ಚನ್ನವೀರ ಕೊರಳಮಟ ನೀರಿನಲ್ಲಿ ನಿಂತು ಕೂಗಿದ.

"ಹಿಡಿಯಾಕ ಬರದಿದ್ರ ಯಾಕ ಇಸಗೊಂಡ್ಯೋ ಮುದಕಾ! ನನ್ನ ಮಗಳನ್ನ ಹೊಳೀಪಾಲು ಮಾಡಿದೆಲ್ಲೋ!"

ದಂಡೆಯ ಮೇಲಿದ್ದವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಜ್ಜನಿಗೆ ಆ ಆಶ್ರಮದಲ್ಲಿ ಯಾರೂ ಏಕವಚನ ಆಡಿದ್ದಿಲ್ಲ.

ಅಜ್ಜ ಶಿಷ್ಯನಿಗೆ ಎರಡೂ ಕೈ ಮುಗಿದರು.

"ತಪ್ಪಾತಪಾ. ಮುದಿ ಕೈ. ಜಾರಿತು."

ಚನ್ನವೀರ ನೀರು ಸೋರುತ್ತ ಹೊರಟುಹೋದ. ತಿರುಗಿ ನೋಡಲಿಲ್ಲ. ಮಹಾದೇವಿ ಮಾತ್ರ ನೋಡಿದಳು.

ಮುಂದಿನ ಅಮಾವಾಸ್ಯೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮಹಾದೇವಿ ಒಬ್ಬಳೇ ಬರುವಳು. ಗದ್ದುಗೆಗೆ ಎಣ್ಣೆ ಕೊಟ್ಟು, ಕಂಬಕ್ಕೆ ಒರಗಿ ಕುಳಿತಿದ್ದು, ಹೋಗುವಳು.

ಒಮ್ಮೆ ಅಜ್ಜ ಕೇಳಿದರು.

"ಹೆಂಗದಾನವ್ವ ಅವ?"

"ಅಂಗಡಿ ಬಾಗಲಾ ತಗೀತಾರ್ರಿ, ಹಾಕ್ತಾರ್ರಿ. ಸಂಜಿಕೆ ಆಚೀ ದಂಡಿಗೆ ಹೋಗಿ ನೀರು ನೋಡ್ಕೋತ ಕುಂಡ್ರತಾರ."

"ನಿನ್ನ ಕೂಡ ಮಾತು?"

"ಉಪ್ಪು ಹೆಚ್ಚಾದ್ರ ಅಂತಾರ್ರಿ."

"ಆ ಫೋನು?"

"ನಾನೊಬ್ಬಾಕೀನ ನೋಡ್ತೀನ್ರಿ. ರೊಟ್ಟಿ ನೋಡಿ ಒಬ್ಬಾಕೀನ ನಗ್ತೀನಿ. ಒಬ್ಬರ ನಗೂದು ಭಾಳ ಕಷ್ಟರಿ ಅಜ್ಜಾರ."

ಎದ್ದವಳು ಬಾಗಿಲಲ್ಲಿ ನಿಂತಳು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಕೈ ಖರೇನ ಜಾರಿತೇನ್ರಿ?"

ಅಜ್ಜ ದೀಪದ ಬತ್ತಿ ಮುಂದಕ್ಕೆ ಸರಿಸಿದರು.

ಬೇಸಿಗೆ ಬಂತು. ಹೊಳೆ ಬತ್ತುತ್ತ ಬತ್ತುತ್ತ ನಡುವಿನ ಗೆರೆಯಾಯಿತು. ಮೆಟ್ಟಿಲ ಬುಡದ ಮಡುವೂ ಕೆಸರಾಯಿತು. ಯಮನಪ್ಪನ ಕಾಲಿಗೆ ಏನೋ ಗಟ್ಟಿ ತಾಗಿತು. ತೊಳೆದು ನೋಡಿ, ಅಂಗಿಯಲ್ಲಿ ಸುತ್ತಿಕೊಂಡು ಹೋಗಿ ಚನ್ನವೀರನ ಅಂಗಡಿಯ ಕಟ್ಟೆಯ ಮೇಲಿಟ್ಟ.

"ತಗೋರಿ ಸಾವ್ಕಾರ. ಹೊಳೆವ್ವ ತಿರುಗಿ ಕೊಟ್ಟಾಳ."

ಚನ್ನವೀರ ಅಂಗಡಿಯ ಬಾಗಿಲು ಎಳೆದುಕೊಂಡ. ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತ. ಇಷ್ಟು ದಿನ ನೀರಿನಲ್ಲಿದ್ದ ರೀಲಿನಲ್ಲಿ ಏನು ಉಳಿದೀತು? ಆದರೂ ಒಂದು ಅಂಚಾದರೂ, ಒಂದು ನೆರಳಾದರೂ ಉಳಿದಿದ್ದರೆ ಎಂಬ ಆಸೆ. ಚಾಕುವಿನ ತುದಿಯಿಂದ ಹಿಂದಿನ ಮುಚ್ಚಳ ಎಬ್ಬಿಸಿದ.

ಕೆಸರು ನೀರು ಸೋರಿತು.

ರೀಲೆಲ್ಲ ತನ್ನ ಡಬ್ಬಿಯ ಒಳಗೇ ಇತ್ತು. ಡಬ್ಬಿಯ ಬಾಯಿಂದ ಅದರ ತುದಿ, ಒಂದು ನಾಲಿಗೆಯಷ್ಟು, ಹೊರಗೆ ಚಾಚಿತ್ತು. ಅದನ್ನು ಹಿಡಿದು ಸುತ್ತಿಕೊಳ್ಳಬೇಕಾದ ಉರುಳೆ ಬರಿದಾಗಿತ್ತು. ತುದಿ ಅದಕ್ಕೆ ಸಿಕ್ಕೇ ಇರಲಿಲ್ಲ. ಬಸ್ಸು ನಿಂತಿದ್ದ ಆ ದಿನವೂ, ಆಮೇಲೆ ವರ್ಷಕ್ಕೊಮ್ಮೆ ಒತ್ತಿದ ದಿನಗಳಲ್ಲೂ, ಒಳಗೆ ಏನೂ ನಡೆದಿರಲಿಲ್ಲ.

ಚನ್ನವೀರನ ಕೈ ತಾನಾಗಿ ತನ್ನ ಎಡಗಿವಿಗೆ ಹೋಯಿತು.

ಅಲ್ಲಿಂದ ಎದ್ದವನು ಮನೆಗೆ ಹೋಗಲಿಲ್ಲ. ಒಣಗಿದ ಹೊಳೆಯನ್ನು ಅಡ್ಡ ದಾಟಿ ಆಶ್ರಮಕ್ಕೆ ಬಂದ. ಕ್ಯಾಮೆರಾವನ್ನು ಅಜ್ಜನ ಮುಂದಿಟ್ಟ. ನಮಸ್ಕಾರ ಮಾಡಲು ಮರೆತ.

"ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಕೈ ಜಾರಲಿಲ್ಲ."

"ಜಾರಲಿಲ್ಲ."

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ ಅವತ್ತ ಯಾರಿಗೆ ಬೈತಿದ್ದಿ?"

ಚನ್ನವೀರ ಕ್ಯಾಮೆರಾದ ತೆರೆದ ಮುಚ್ಚಳ ನೋಡಿದ.

"ನನಗ ಬೈದಿ, ತಡಕೊಂಡೆ. ನಿನಗ ನೀನ ಬೈಕೋತ ಕುಂತ್ರ, ಆ ಮನ್ಯಾಗ ಯಾರು ತಡಕೋಬೇಕು?"

"ಮುದಕಾ ಅಂದೆ ನಿಮಗ."

"ಮುದಕ ಅದೀನೆಲ್ಲ. ಅದರಾಗ ಸುಳ್ಳೇನೈತಿ?"

ಅಜ್ಜ ಸಣ್ಣಗೆ ನಕ್ಕರು. ಆ ನಗೆ ಹೆಚ್ಚು ಹೊತ್ತು ಉಳಿಯಲಿಲ್ಲ.

"ಆದ್ರ ನಂದೂ ತಪ್ಪೈತಿ. ಈ ಕ್ಯಾಮೆರಾ ಹೋದ್ರ ನೀ ಮನೀ ಕಡೆ ಮುಖಾ ಮಾಡ್ತಿ ಅಂತ ತಿಳದಿದ್ದೆ. ನೀ ಹೊಳೀ ಕಡೆ ಮಾಡಿದಿ."

ಚನ್ನವೀರ ನೆಲಕ್ಕೆ ಕುಸಿದು ಕುಳಿತ. ಮಗಳ ಮಣ್ಣಿನ ದಿನವೂ ಬಾರದ ಅಳು ಈಗ ಬಂತು. ಅಜ್ಜ ಅಳಲು ಬಿಟ್ಟರು. ಯಾರೋ ನೀರು ತಂದಿಟ್ಟು ಹೋದರು.

"ಆಕೀ ನಗಿ ನೆನಪಿಗೆ ಬರವಲ್ದು ಅಜ್ಜಾರ. ರೀಲಿನ್ಯಾಗ ಐತೆಲ್ಲ ಅಂತ ನಾ ಮನಸಿನ್ಯಾಗ ಇಟಗೊಳ್ಳಲೇ ಇಲ್ಲ. ಅವತ್ತ ಯಾವ ಅರಿವಿ ಹಾಕ್ಕೊಂಡಿದ್ಲೊ, ಹೆರಳು ಹಾಕಿದ್ಲೊ ಬಿಟ್ಟಿದ್ಲೊ, ಒಂದೂ ನೆನಪಿಲ್ಲ. ಬೆಳಕೊಂದ ನೆನಪೈತ್ರಿ."

ಅಜ್ಜ ಕ್ಯಾಮೆರಾವನ್ನು ಎತ್ತಿಕೊಂಡರು. ಕಾವಿಯ ಅಂಚಿನಿಂದ ಅದರ ಕೆಸರು ಒರೆಸಿದರು. ಗಾಜು ಒರೆಸಿದರು, ಎಡಗಿವಿ ಒರೆಸಿದರು. ಒರೆಸಿ ತಮ್ಮ ಪಕ್ಕಕ್ಕೆ ಇಟ್ಟುಕೊಂಡರು.

"ಇದು ಇನ್ನ ನನ್ನ ಹತ್ರ ಇರಲಿ. ನೀ ಮನಿಗೆ ಹೋಗು. ಮಹಾದೇವಿ ಎದುರಿಗೆ ಕುಂತು, ಆ ಫೋನು ತೋರಸು ಅಂತ ಕೇಳು. ನೋಡೂವಾಗ ಬೆಳಕು ಸರಿಯಿಲ್ಲ ಅನಬ್ಯಾಡ."